ಮನೆ ಹೋದ ಮೇಲೂ ಸಾಲ ಬೆನ್ನು ಬಿಡದಿದ್ದರೆ?

ಕಬ್ಬಿನ ಬಿಲ್ಲು ತಡವಾಗುತ್ತದೆ, ಅಂಗಡಿಯ ವ್ಯಾಪಾರ ಇಳಿಯುತ್ತದೆ, ಮನೆಸಾಲದ ಮೂರು ಕಂತು ತಪ್ಪುತ್ತದೆ. ಕೊನೆಗೊಂದು ದಿನ ಬ್ಯಾಂಕಿನ ನೋಟೀಸು ಬರುತ್ತದೆ. ಯಜಮಾನರು ಅದನ್ನು ಯಾರಿಗೂ ಹೇಳದೆ ಬೀರುವಿನಲ್ಲಿಡುತ್ತಾರೆ. ಮಂಡ್ಯ, ಮದ್ದೂರು, ಮಳವಳ್ಳಿಯ ಎಷ್ಟೋ ಮನೆಗಳ ಕಥೆಯಿದು. 2025ರ ಜನವರಿಯಲ್ಲಿ ಮಳವಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಸಾಲಕ್ಕಾಗಿ ಮನೆ ಜಪ್ತಿಯಾದ ಬಳಿಕ ತಾಯಿಯೊಬ್ಬರು ತಮ್ಮ ಜೀವವನ್ನೇ ಕಳೆದುಕೊಂಡರು. ಸಹೋದರಿಯರೇ, ಸಾಲ ಜೀವಕ್ಕಿಂತ ದೊಡ್ಡದಲ್ಲ. ಅದನ್ನು ಇಳಿಸಿಕೊಳ್ಳುವ ದಾರಿಗಳಿವೆ.

ಮನೆ ಬಿಟ್ಟುಕೊಟ್ಟರೆ ಸಾಲ ತೀರಿತೆಂದು ಹಲವರು ತಿಳಿದಿದ್ದಾರೆ. ಇದು ತಪ್ಪು. ಉದಾಹರಣೆಗೆ, 12 ಲಕ್ಷ ಬಾಕಿಯಿರುವ ಮನೆ ಹರಾಜಿನಲ್ಲಿ 9 ಲಕ್ಷಕ್ಕೆ ಹೋದರೆ, ಉಳಿದ 3 ಲಕ್ಷ ಮತ್ತು ಹರಾಜಿನ ಖರ್ಚನ್ನು ಬ್ಯಾಂಕು ಮತ್ತೆ ಕೇಳಬಹುದು. ಸಾಲಪತ್ರಕ್ಕೆ ನೀವೂ ಸಹಿ ಹಾಕಿದ್ದರೆ ಆ ಹೊಣೆ ನಿಮ್ಮದೂ ಹೌದು. ಆದ್ದರಿಂದ ಮನೆ ಉಳಿಯದಿದ್ದರೂ ಅದಕ್ಕೆ ಒಳ್ಳೆಯ ಬೆಲೆ ಬರುವಂತೆ ನೋಡಿಕೊಳ್ಳಬೇಕು.

2002ರ ಸರ್ಫೇಸಿ ಕಾಯ್ದೆಯ ಪ್ರಕಾರ, ಬಾಕಿ ಕಟ್ಟಲು ನೋಟೀಸಿನಲ್ಲಿ 60 ದಿನಗಳ ಅವಧಿ ಕೊಡಬೇಕು. ಆ ಅವಧಿಯಲ್ಲೇ ನಿಮ್ಮ ಆಕ್ಷೇಪವನ್ನು ಬರೆದು ಕೊಡಿ. 15 ದಿನಗಳೊಳಗೆ ಬ್ಯಾಂಕು ಉತ್ತರಿಸಬೇಕು. ಬಡ್ಡಿ, ದಂಡ ಬಿಡಿಬಿಡಿಯಾಗಿರುವ ಲೆಕ್ಕ ಕೇಳಿ. ನಾವೇ ಗಿರಾಕಿ ತರುತ್ತೇವೆ, ಮಾರಲು ಒಪ್ಪಿಗೆ ಕೊಡಿ ಎಂದೂ ಬರೆಯಿರಿ. ಬ್ಯಾಂಕು ಒಪ್ಪಿದರೆ ಹರಾಜಿಗಿಂತ ಹೆಚ್ಚು ಬೆಲೆ ಸಿಗಬಹುದು. ಹರಾಜಿನ ಪ್ರಕಟಣೆ ಹೊರಬಿದ್ದ ಮೇಲೆ ಪೂರ್ತಿ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ಇರುವುದಿಲ್ಲ. ಕಾಯುತ್ತಾ ಕೂರಬೇಡಿ.

ಹರಾಜಿಗೆ ಮುನ್ನ ಬ್ಯಾಂಕು ಮನೆಯ ಬೆಲೆ ಕಟ್ಟಿಸಿ ಕನಿಷ್ಠ ದರ ಗೊತ್ತುಮಾಡುತ್ತದೆ. ಅದು ತೀರಾ ಕಡಿಮೆಯೆನಿಸಿದರೆ ಕೂಡಲೇ ಲಿಖಿತವಾಗಿ ತಿಳಿಸಿ. ಆ ದರ ದಾಟದ ಮಾರಾಟಕ್ಕೆ ಸಾಲಗಾರನ ಒಪ್ಪಿಗೆಯೂ ಬೇಕು. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಬ್ಯಾಂಕು ಮನೆಯನ್ನು ವಶಕ್ಕೆ ಪಡೆದದ್ದು ಕಾನೂನಿಗೆ ವಿರುದ್ಧವಾಗಿದ್ದರೆ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಹರಾಜಿನ ಹಣ ಬಾಕಿಗಿಂತ ಹೆಚ್ಚು ಬಂದರೆ, ಮಿಕ್ಕಿದ್ದು ನಿಮ್ಮದು. ಕೇಳಿ ಪಡೆಯಿರಿ.

ಹರಾಜಾದ ಮೇಲೂ ಬಾಕಿ ಉಳಿದರೆ ಒಂದೇ ಗಂಟಿನಲ್ಲಿ ತೀರಿಸುವ ರಾಜಿಗೆ ಬ್ಯಾಂಕನ್ನು ಕೇಳಿ. ಲೋಕ ಅದಾಲತ್‌ನಲ್ಲೂ ಇದನ್ನು ಇತ್ಯರ್ಥ ಮಾಡಿಕೊಳ್ಳಬಹುದು, ಅದಕ್ಕೆ ಶುಲ್ಕವಿಲ್ಲ. ಆದರೆ ಅಲ್ಲಿ ಒಪ್ಪಿದ್ದು ಕೋರ್ಟಿನ ತೀರ್ಪಿಗೆ ಸಮ, ಮೇಲ್ಮನವಿ ಇಲ್ಲ. ಕಟ್ಟಲು ಸಾಧ್ಯವಿರುವಷ್ಟಕ್ಕೆ ಮಾತ್ರ ಒಪ್ಪಿ. ಹಣ ಕಟ್ಟಿದ ಮೇಲೆ ಇನ್ನು ಬಾಕಿಯಿಲ್ಲವೆಂಬ ಪತ್ರವನ್ನು ಮರೆಯದೆ ಪಡೆಯಿರಿ.

ವಕೀಲರಿಗೆ ಕೊಡಲು ಹಣವೆಲ್ಲಿದೆ ಎನ್ನುವಿರಾ? ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಇದೆ. ಮಂಡ್ಯದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು, ಮದ್ದೂರು, ಮಳವಳ್ಳಿಯಲ್ಲಿ ನ್ಯಾಯಾಲಯದಲ್ಲಿರುವ ತಾಲ್ಲೂಕು ಸಮಿತಿಯನ್ನು ವಿಚಾರಿಸಿ. ಸಹಾಯವಾಣಿ 15100.

ಸಾಲ ತೀರಿಸುವುದು ನಮ್ಮ ಹೊಣೆ, ನಿಜ. ಆದರೆ ಕೊಡಬೇಕಾದ್ದಕ್ಕಿಂತ ಹೆಚ್ಚು ಕೊಟ್ಟು ಮಕ್ಕಳ ನಾಳೆಯನ್ನು ಬರಿದುಮಾಡುವುದು ಹೊಣೆಯಲ್ಲ. ಬೀರುವಿನಲ್ಲಿರುವ ಆ ನೋಟೀಸನ್ನು ಇಂದೇ ಹೊರತೆಗೆಯಿರಿ. ಇಬ್ಬರೂ ಕೂತು ಮೊದಲು ಅದರ ತಾರೀಖು ನೋಡಿ.