ಅರಿಸಿನ, ಮಜ್ಜಿಗೆ ಮತ್ತು ಹೋಲಿಕೆಯ ತಾಕು

ಗಾಯಕ್ಕೆ ಅರಿಸಿನ, ಜ್ವರಕ್ಕೆ ಅಮೃತಬಳ್ಳಿ ಕಷಾಯ, ಹೊಟ್ಟೆ ಕೆಟ್ಟರೆ ಮಜ್ಜಿಗೆ ಎಂಬುದು ನಮ್ಮ ಹಳ್ಳಿಗಳಲ್ಲಿ ತಲೆಮಾರಿನಿಂದ ನಡೆದುಬಂದಿರುವ ವಾಡಿಕೆ. ಇತ್ತೀಚೆಗೆ ಇದೇ ಪದಾರ್ಥಗಳು ಮಾತ್ರೆ, ಪುಡಿ ಮತ್ತು ದ್ರಾವಣಗಳ ರೂಪದಲ್ಲಿ ಅಂಗಡಿಗೆ ಬಂದಿವೆ. ಮನುಷ್ಯರಿಗಷ್ಟೇ ಅಲ್ಲ, ಕೋಳಿಮರಿಗೆ, ಕರುವಿಗೆ, ಮೀನಿಗೆ ಸಹ 'ಪ್ರೊಬಯಾಟಿಕ್' ಎಂಬ ಹೆಸರಿನ ಪೊಟ್ಟಣಗಳು ಮಾರಾಟವಾಗುತ್ತಿವೆ. ಕೃಷಿ ಮೇಳಗಳಲ್ಲಿ ರೈತ ಬಾಂಧವರು ಈ ಪೊಟ್ಟಣಗಳನ್ನು ಕೈಯಲ್ಲಿ ಹಿಡಿದು, 'ಇದರಿಂದ ನಿಜವಾಗಿ ಗುಣವುಂಟೇ?' ಎಂದು ಕೇಳುವುದುಂಟು. ಬೇಸಾಯಶಾಸ್ತ್ರದವನಿಗೆ ಔಷಧದ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದು. ಔಷಧವನ್ನು ಪರೀಕ್ಷಿಸುವ ಕ್ರಮದ ಮುಖ್ಯ ಭಾಗ ಹುಟ್ಟಿದ್ದೇ ಹೊಲದಲ್ಲಿ.

ಹೊಲದಿಂದ ಆಸ್ಪತ್ರೆಗೆ

ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ 1919ರಲ್ಲಿ ರೊನಾಲ್ಡ್ ಫಿಶರ್ ಎಂಬ ಸಂಖ್ಯಾಶಾಸ್ತ್ರಜ್ಞರು ಸೇರಿದರು. ಒಂದು ತಾಕಿಗೆ ಗೊಬ್ಬರ ಹಾಕಿ, ಪಕ್ಕದ ತಾಕಿಗೆ ಹಾಕದೆ ಇಳುವರಿ ತೂಗಿದರೆ ಸಾಲದು ಎಂಬುದನ್ನು ಅವರು ತೋರಿಸಿಕೊಟ್ಟರು. ಒಂದೇ ಹೊಲದಲ್ಲಿ ಒಂದು ಮೂಲೆ ಎರೆ, ಇನ್ನೊಂದು ಮೂಲೆ ಮರಳು. ಒಂದೆಡೆ ನೀರು ನಿಲ್ಲುತ್ತದೆ, ಒಂದೆಡೆ ಮರದ ನೆರಳು ಬೀಳುತ್ತದೆ. ಆದ್ದರಿಂದ ಗೊಬ್ಬರ ಹಾಕುವ ತಾಕು ಯಾವುದು, ಹಾಕದ ತಾಕು ಯಾವುದು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು ಮತ್ತು ಅದನ್ನು ಹಲವು ತಾಕುಗಳಲ್ಲಿ ಪುನರಾವರ್ತಿಸಬೇಕು. 1935ರಲ್ಲಿ ಪ್ರಕಟವಾದ ಅವರ ಪ್ರಯೋಗ ವಿನ್ಯಾಸದ ಗ್ರಂಥವನ್ನು ನಮ್ಮ ವಿದ್ಯಾರ್ಥಿಗಳು ಇಂದಿಗೂ ಒಂದಲ್ಲ ಒಂದು ರೂಪದಲ್ಲಿ ಓದುತ್ತಾರೆ.

ಈ ವಿಚಾರವನ್ನು ವೈದ್ಯರು ತಮ್ಮದಾಗಿಸಿಕೊಂಡ ಪ್ರಸಿದ್ಧ ಪ್ರಯೋಗದ ಫಲಿತಾಂಶ 1948ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾಯಿತು. ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟ 55 ರೋಗಿಗಳಲ್ಲಿ ಆರು ತಿಂಗಳೊಳಗೆ 4 ಮಂದಿ ತೀರಿಕೊಂಡರೆ, ಅದನ್ನು ಕೊಡದೆ ಹಾಸಿಗೆ ವಿಶ್ರಾಂತಿಯಲ್ಲಿಟ್ಟ 52 ರೋಗಿಗಳಲ್ಲಿ 14 ಮಂದಿ ತೀರಿಕೊಂಡರು. ಯಾರು ಯಾವ ಗುಂಪಿಗೆ ಸೇರಬೇಕೆಂಬುದನ್ನು ವೈದ್ಯರು ಆರಿಸಲಿಲ್ಲ. ಮೊದಲೇ ಮುಚ್ಚಿಟ್ಟ ಲಕೋಟೆ ಹೇಳಿತು. ಮನುಷ್ಯರ ನಡುವೆಯೂ ಹೊಲದಲ್ಲಿರುವಂತೆ ಎರೆ, ಮರಳು ಇದ್ದೇ ಇರುತ್ತದೆಯಲ್ಲವೇ?

ಗಿಡದ ಗುಣ ಎಲ್ಲಿದೆ?

ಗಿಡಮೂಲಿಕೆಯ ಪರೀಕ್ಷೆಯಲ್ಲಿ ಮೊದಲ ತೊಡಕು ಗಿಡವೇ. ಅರಿಸಿನದ ಹಳದಿ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಅಂಶ ತಳಿಯಿಂದ ತಳಿಗೆ, ಮಣ್ಣಿನಿಂದ ಮಣ್ಣಿಗೆ, ಕೊಯ್ಲಿನ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. 'ಅರಿಸಿನ ಕೊಟ್ಟು ನೋಡಿದೆವು' ಎಂದರೆ ಏನೂ ಹೇಳಿದಂತಾಗುವುದಿಲ್ಲ. ಯಾವ ಅರಿಸಿನ, ಅದರಲ್ಲಿ ಎಷ್ಟು ಅಂಶ, ದಿನಕ್ಕೆ ಎಷ್ಟು ಗ್ರಾಂ ಎಂಬುದನ್ನು ಹೇಳಬೇಕು.

ತಯಾರಿಸುವ ಕ್ರಮವೂ ಅಷ್ಟೇ ಮುಖ್ಯ. ಚೀನಾದ ತು ಯೂಯೂ ಎಂಬ ವಿಜ್ಞಾನಿ ಮಲೇರಿಯಾಕ್ಕೆ ಔಷಧ ಹುಡುಕುತ್ತಿದ್ದಾಗ ಆರ್ಟಿಮಿಸಿಯ ಜಾತಿಯ ಒಂದು ಗಿಡದ ಸಾರ ಒಮ್ಮೆ ಫಲ ಕೊಟ್ಟರೆ ಮತ್ತೊಮ್ಮೆ ಕೊಡುತ್ತಿರಲಿಲ್ಲ. ನಾಲ್ಕನೆಯ ಶತಮಾನದ ಒಂದು ಚೀನೀ ವೈದ್ಯಗ್ರಂಥದಲ್ಲಿ ಆ ಸೊಪ್ಪನ್ನು ಕುದಿಸದೆ, ನೀರಿನಲ್ಲಿ ನೆನೆಸಿ ಹಿಂಡಿ ರಸ ಕುಡಿಯಬೇಕೆಂದು ಹೇಳಿರುವುದು ಅವರ ಕಣ್ಣಿಗೆ ಬಿತ್ತು. ಕುದಿಸಿದರೆ ಗುಣ ಹಾಳಾಗುತ್ತಿರಬಹುದೆಂದು ಊಹಿಸಿ, ಕಡಿಮೆ ಉಷ್ಣತೆಯಲ್ಲಿ ಈಥರ್ ದ್ರಾವಕದಿಂದ ಸಾರ ತೆಗೆದಾಗ ಅದು ಪರಿಣಾಮಕಾರಿಯಾಯಿತು. ಹೀಗೆ 1970ರ ದಶಕದ ಆರಂಭದಲ್ಲಿ ಸಿಕ್ಕ ಆರ್ಟಿಮಿಸಿನಿನ್ ಲಕ್ಷಾಂತರ ಜೀವಗಳನ್ನು ಉಳಿಸಿದೆ. 2015ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಹಳೆಯ ಗ್ರಂಥ ದಾರಿ ತೋರಿತು, ಪರೀಕ್ಷೆ ಅದನ್ನು ಖಚಿತಪಡಿಸಿತು. ಒಂದನ್ನು ಬಿಟ್ಟು ಇನ್ನೊಂದರಿಂದ ಈ ಕೆಲಸ ಆಗುತ್ತಿರಲಿಲ್ಲ.

ಗಾಜಿನ ತಟ್ಟೆಯಲ್ಲಿ ರೋಗಾಣುವನ್ನು ಕೊಲ್ಲುವ ಸಾರ ದೇಹದಲ್ಲಿಯೂ ಹಾಗೆಯೇ ಕೊಲ್ಲುತ್ತದೆಂದು ತಿಳಿಯಬಾರದು. ಅರಿಸಿನದ ಕರ್ಕ್ಯುಮಿನ್ ಕರುಳಿನಲ್ಲಿ ಬಹಳ ಕಡಿಮೆ ಹೀರಲ್ಪಡುತ್ತದೆ, ಹೀರಲ್ಪಟ್ಟದ್ದೂ ಬೇಗ ಹೊರಹೋಗುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 2 ಗ್ರಾಂ ಕರ್ಕ್ಯುಮಿನ್ ಜೊತೆಗೆ ಮೆಣಸಿನ ಖಾರದ ಅಂಶವಾದ ಪಿಪರಿನ್ ಅನ್ನು 20 ಮಿಲಿಗ್ರಾಂ ಕೊಟ್ಟಾಗ, ರಕ್ತಕ್ಕೆ ಸೇರುವ ಪ್ರಮಾಣ ಸುಮಾರು 20 ಪಟ್ಟು ಹೆಚ್ಚಿದ್ದು ಕಂಡುಬಂದಿತು. ನಮ್ಮ ಸಾರಿನಲ್ಲಿ ಅರಿಸಿನ, ಮೆಣಸು ಎರಡೂ ಇರುವುದನ್ನು ನೆನೆದು ಸಂತೋಷಪಡಬಹುದು. ಆದರೆ ಹೀಗೆ ಹೆಚ್ಚು ಹೀರಲ್ಪಡುವಂತೆ ಮಾಡಿದ ಮಾತ್ರೆಗಳನ್ನು ಸೇವಿಸಿದವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ವರದಿಯಾಗಿವೆ. ಅಡಿಗೆಯ ಚಿಟಿಕೆಯೇ ಬೇರೆ, ಮಾತ್ರೆಯ ಪ್ರಮಾಣವೇ ಬೇರೆ.

ಇಂತಹ ಎಚ್ಚರಿಕೆಗೆ ದೊಡ್ಡ ನಿದರ್ಶನ ಫಿನ್ಲೆಂಡಿನದು. ಗಜ್ಜರಿ ಮತ್ತು ಸೊಪ್ಪು ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಕಂಡುಬಂದಿದ್ದರಿಂದ, ಅವುಗಳಲ್ಲಿರುವ ಬೀಟಾ ಕ್ಯಾರೋಟಿನ್ ಎಂಬ ಅಂಶವನ್ನು ಮಾತ್ರೆಯಾಗಿ ಕೊಟ್ಟು ನೋಡಲಾಯಿತು. ಧೂಮಪಾನ ಮಾಡುವ 29,133 ಗಂಡಸರ ಮೇಲೆ ನಡೆದ ಈ ಪ್ರಯೋಗದ ಫಲಿತಾಂಶ 1994ರಲ್ಲಿ ಹೊರಬಂದಾಗ, ಆ ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡ 18ರಷ್ಟು ಹೆಚ್ಚಾಗಿತ್ತು! ಹೋಲಿಕೆಯ ಗುಂಪು ಇಲ್ಲದಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ.

ಜೀವಂತ ಸೂಕ್ಷ್ಮಾಣುಗಳು

ತಕ್ಕಷ್ಟು ಪ್ರಮಾಣದಲ್ಲಿ ಕೊಟ್ಟಾಗ ಆರೋಗ್ಯಕ್ಕೆ ಅನುಕೂಲ ಮಾಡುವ ಜೀವಂತ ಸೂಕ್ಷ್ಮಾಣುಗಳೇ ಪ್ರೊಬಯಾಟಿಕ್‌ಗಳು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2001ರಲ್ಲಿ ಹೇಳಿದರು. ಇಲ್ಲಿ 'ಜೀವಂತ' ಎಂಬ ಮಾತನ್ನು ಗಮನಿಸಬೇಕು. ಇನ್ನೊಂದು ಮಾತು ತಳಿಗೆ ಸಂಬಂಧಿಸಿದ್ದು. ಇದನ್ನು ರೈತರಿಗೆ ಬಿಡಿಸಿ ಹೇಳುವ ಅಗತ್ಯವಿಲ್ಲ. ಜಿ.ಪಿ.ಯು.-28 ರಾಗಿ ಬೆಂಕಿ ರೋಗವನ್ನು ತಡೆದುಕೊಳ್ಳುತ್ತದೆ. ಹಾಗೆಂದು ಎಲ್ಲ ರಾಗಿಯೂ ತಡೆದುಕೊಳ್ಳುತ್ತದೆ ಎನ್ನಲಾಗದು. ಲ್ಯಾಕ್ಟೋಬ್ಯಾಸಿಲಸ್ ಕೂಡ ಹಾಗೆಯೇ. ಒಂದು ತಳಿಯ ಮೇಲೆ ನಡೆದ ಪ್ರಯೋಗದ ಹೆಸರು ಹೇಳಿ ಬೇರೆ ತಳಿಯನ್ನು ಮಾರುವುದು ನ್ಯಾಯವಲ್ಲ.

ಒಡಿಶಾದ ಹಳ್ಳಿಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇಲ್ಲಿ ಹೇಳತಕ್ಕದ್ದು. ಹುಟ್ಟಿದ ಕೆಲವೇ ದಿನಗಳ 4,556 ಕೂಸುಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್‌ನ ಆಯ್ದ ಒಂದು ತಳಿಯನ್ನು, ಅದಕ್ಕೆ ಆಹಾರವಾಗುವ ಒಂದು ಬಗೆಯ ಸಕ್ಕರೆಯೊಡನೆ ಏಳು ದಿನ ಕುಡಿಸಲಾಯಿತು. ಇನ್ನೊಂದು ಗುಂಪಿಗೆ ನೋಡಲು ಅದೇ ರೀತಿಯ, ಆದರೆ ಸೂಕ್ಷ್ಮಾಣುವಿಲ್ಲದ ಪುಡಿ. ತಾಯಂದಿರಿಗಾಗಲೀ ಕುಡಿಸಿದ ಕಾರ್ಯಕರ್ತರಿಗಾಗಲೀ ಯಾವುದು ಯಾವುದೆಂದು ತಿಳಿದಿರಲಿಲ್ಲ. ಎರಡು ತಿಂಗಳೊಳಗೆ ರಕ್ತ ನಂಜಿಗೆ ತುತ್ತಾದ ಅಥವಾ ತೀರಿಕೊಂಡ ಮಕ್ಕಳು ಎರಡನೆಯ ಗುಂಪಿನಲ್ಲಿ ನೂರಕ್ಕೆ 9, ಮೊದಲನೆಯದರಲ್ಲಿ ನೂರಕ್ಕೆ 5.4. ಅಗ್ಗದ ಒಂದು ಪುಡಿಗೆ ಇದು ಸಣ್ಣ ಸಾಧನೆಯಲ್ಲ.

ಇದಕ್ಕೆ ವಿರುದ್ಧವಾದದ್ದು ನೆದರ್ಲೆಂಡ್ಸ್‌ನಲ್ಲಿ ನಡೆಯಿತು. ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತದ ರೋಗಿಗಳಿಗೆ ಪ್ರೊಬಯಾಟಿಕ್ ಮಿಶ್ರಣ ಕೊಟ್ಟು ನೋಡಿದ ಪ್ರಯೋಗದ ವರದಿ 2008ರಲ್ಲಿ ಬಂದಿತು. ಮಿಶ್ರಣ ಪಡೆದ 152 ಮಂದಿಯಲ್ಲಿ 24 ಮಂದಿ ಸತ್ತರು. ಪಡೆಯದ 144 ಮಂದಿಯಲ್ಲಿ 9 ಮಂದಿ. 'ನೈಸರ್ಗಿಕ, ಅಡ್ಡ ಪರಿಣಾಮವಿಲ್ಲ' ಎಂದು ಚೀಟಿಯ ಮೇಲೆ ಅಚ್ಚು ಹಾಕುವುದು ಸುಲಭ. ಆ ಮಾತನ್ನು ಕಂಡಾಗಲೆಲ್ಲ ನನಗೆ ಈ ಅಂಕಿಗಳು ನೆನಪಾಗುತ್ತವೆ.

ಕೋಳಿ ಸಾಕುವವರಿಗೆ

ಕೋಳಿ ಬೇಗ ಬೆಳೆಯಲೆಂದು ಮೇವಿನಲ್ಲಿ ಆಂಟಿಬಯಾಟಿಕ್ ಬೆರೆಸುವುದನ್ನು ಯುರೋಪಿನ ಒಕ್ಕೂಟ 2006ರಿಂದ ನಿಷೇಧಿಸಿದೆ. ಭಾರತ ಸರ್ಕಾರ 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು; ಬೇರಾವ ಔಷಧಕ್ಕೂ ಬಗ್ಗದ ಸೋಂಕಿನಲ್ಲಿ ಮನುಷ್ಯರಿಗೆ ಕೊನೆಯ ಆಸರೆಯಾಗಿರುವ ಔಷಧ ಅದು. ಅದರ ಸ್ಥಾನಕ್ಕೆ ಬಂದಿರುವ ಬೆಳ್ಳುಳ್ಳಿ, ಅರಿಸಿನ, ಸೂಕ್ಷ್ಮಾಣು ಪುಡಿಗಳನ್ನು ರೈತರು ತಮ್ಮ ಶೆಡ್ಡಿನಲ್ಲಿಯೇ ಒರೆಗೆ ಹಚ್ಚಿ ನೋಡಬಹುದು.

ಒಂದೇ ದಿನ, ಒಂದೇ ಕಡೆಯಿಂದ ಬಂದ ಮರಿಗಳನ್ನು ತೆಗೆದುಕೊಂಡು, ಜಾಲರಿಯಿಂದ ಎಂಟು ಅಂಕಣ ಮಾಡಿ ಸಮನಾಗಿ ಹಂಚಿರಿ. ಎರಡೇ ಅಂಕಣ ಮಾಡಿದರೆ ಶೆಡ್ಡಿನ ಬಿಸಿ ಮೂಲೆಯ ದೋಷ ಪುಡಿಯ ತಲೆಗೆ ಬಂದೀತು. ಯಾವ ನಾಲ್ಕು ಅಂಕಣಕ್ಕೆ ಪುಡಿ ಕೊಡಬೇಕೆಂಬುದನ್ನು ಚೀಟಿ ಎತ್ತಿ ಗೊತ್ತುಮಾಡಿರಿ. ಲವಲವಿಕೆಯ ಮರಿಗಳಿರುವ ಅಂಕಣವನ್ನು ಆರಿಸಬಾರದು. ಮೇವು, ನೀರು, ಲಸಿಕೆ ಎಲ್ಲಕ್ಕೂ ಒಂದೇ. ಸತ್ತ ಮರಿ, ತಿಂದ ಮೇವು, ವಾರದ ತೂಕ ಇವನ್ನು ಪುಸ್ತಕದಲ್ಲಿ ಬರೆದಿಡಿ. ತೂಗುವವನಿಗೆ ಯಾವ ಅಂಕಣ ಯಾವುದೆಂದು ತಿಳಿಯದಿದ್ದರೆ ಒಳ್ಳೆಯದು. ಪುಡಿಯ ಖರ್ಚು ಕಳೆದು ಲಾಭ ನಿಂತರೆ ಮುಂದಿನ ತಂಡದ ಮರಿಗಳಲ್ಲಿ ಮತ್ತೊಮ್ಮೆ ಮಾಡಿ ನೋಡಿರಿ. ಮೊದಲ ಸಲದ ಲಾಭವನ್ನು ನಾನು ಅರ್ಧ ಮಾತ್ರ ನಂಬುತ್ತೇನೆ.

ಪೊಟ್ಟಣದ ಮೇಲೆ ಸೂಕ್ಷ್ಮಾಣುವಿನ ಪೂರ್ಣ ಹೆಸರು, ತಳಿಯ ಸಂಖ್ಯೆ, ಗ್ರಾಂಗೆ ಎಷ್ಟು ಜೀವಂತ ಕಣ, ಬಳಕೆಯ ಕೊನೆಯ ದಿನಾಂಕ ಮತ್ತು ಇಡಬೇಕಾದ ಉಷ್ಣತೆ ಇಲ್ಲದಿದ್ದರೆ ಕೊಳ್ಳಬೇಡಿ. ಮನುಷ್ಯರ ಆಹಾರದಲ್ಲಿ ಬೆರೆಸುವ ಪ್ರೊಬಯಾಟಿಕ್ ದಿನದ ಪ್ರಮಾಣದಲ್ಲಿ ಕನಿಷ್ಠ 10 ಕೋಟಿ ಜೀವಂತ ಕಣಗಳಿರಬೇಕೆಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2016ರ ನಿಯಮ ಹೇಳುತ್ತದೆ. ಕೊಕ್ಕರೆ ರೋಗದ ಲಸಿಕೆಗೆ ಇಂತಹ ಯಾವ ಪುಡಿಯೂ ಬದಲಿಯಲ್ಲ. ಬ್ಲೀಚಿಂಗ್ ಪುಡಿ ಹಾಕಿದ ನೀರಿನಲ್ಲಾಗಲೀ ಬಿಸಿ ನೀರಿನಲ್ಲಾಗಲೀ ಇದನ್ನು ಕಲಸಬಾರದು; ಕೊಟ್ಟ ಹಣದ ಸೂಕ್ಷ್ಮಾಣುಗಳು ಬಕೆಟ್ಟಿನಲ್ಲಿಯೇ ಸಾಯುತ್ತವೆ.