ಇತಿಹಾಸ ವಿಭಾಗದ ಕೆಲಸ: ರಾಯಚೂರು ಸೀಮೆಯ ಕೆಲವು ತಪ್ಪು ಕಲ್ಪನೆಗಳು

ರಾಯಚೂರಿನಿಂದ ಮಂತ್ರಾಲಯದ ಕಡೆ ಹೊರಟರೆ ದಾರಿಯಲ್ಲಿ ಯರಗೇರಾ ಸಿಗುತ್ತದೆ. ಮೊದಲು ಗುಲಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಜಾಗ, ಈಗ ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳ ಸ್ವಂತ ವಿಶ್ವವಿದ್ಯಾಲಯ. ದೇವದುರ್ಗ, ಮಾನ್ವಿ ಕಡೆಯ ಹುಡುಗ ಹುಡುಗಿಯರು ಇತಿಹಾಸ ಓದುತ್ತೇನೆ ಎಂದರೆ ಮನೆಯವರು ಮೊದಲು ಕೇಳುವುದು, “ಅದನ್ನ ಓದಿ ಏನು ಮಾಡ್ತಿ?” ಕೇಳುವುದು ತಪ್ಪಲ್ಲ. ಆದರೆ ಆ ಪ್ರಶ್ನೆಯ ಬೆನ್ನಿಗಿರುವ ಕೆಲವು ತಿಳಿವಳಿಕೆಗಳು ತಪ್ಪು.

ತಪ್ಪು ಕಲ್ಪನೆ: ಇತಿಹಾಸ ಎಂದರೆ ಇಸವಿಗಳ ಬಾಯಿಪಾಠ.

ವಾಸ್ತವ: ಇಸವಿ ಎಂಬುದು ದೊಡ್ಡ ಶೋಧದ ಕೊನೆಗೆ ಕೈಗೆ ಸಿಗುವಂಥದ್ದು. ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲ್‌ಶಾಹನಿಗೂ ನಡೆದ ರಾಯಚೂರು ಕದನಕ್ಕೆ 1520 ಎಂದು ಸಲೀಸಾಗಿ ಬರೆಯುತ್ತೇವೆ. ಆದರೆ ಈ ಯುದ್ಧದ ಸವಿಸ್ತಾರ ವರ್ಣನೆ ಬಿಟ್ಟುಹೋದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಹೇಳಿದ್ದು 1522ರ ಮೇ ತಿಂಗಳ ಶನಿವಾರ, ಹೊಸ ಚಂದ್ರನ ದಿನ ಎಂದು. 1900ರಲ್ಲಿ ವಿಜಯನಗರದ ಚರಿತ್ರೆ ಪ್ರಕಟಿಸಿದ ರಾಬರ್ಟ್ ಸೀವೆಲ್ ಲೆಕ್ಕ ಹಾಕಿ ನೋಡಿದರೆ ವಾರವೂ ತಿಥಿಯೂ ಆ ವರ್ಷಕ್ಕೆ ಕೂಡಿಬರಲಿಲ್ಲ. ಯುದ್ಧದ ಗದ್ದಲದಲ್ಲಿ ಗೋವೆಯ ಪೋರ್ಚುಗೀಸರು ಆಸುಪಾಸಿನ ನೆಲ ಹಿಡಿದುಕೊಂಡಿದ್ದರು. ಅದು ಯಾವಾಗ ನಡೆಯಿತೆಂದು ಅವರ ಬರಹಗಳಲ್ಲೇ ಹುಡುಕಿ, ಸೀವೆಲ್ 1520ರ ಮೇ 19 ಎಂಬ ತೀರ್ಮಾನಕ್ಕೆ ಬಂದರು. ಅಂದು ಶನಿವಾರ. ನೂನಿಜ್ ಪ್ರಕಾರ ಈ ಜಗಳಕ್ಕೆ ನೆಪವಾದದ್ದೂ ವ್ಯಾಪಾರವೇ. ಗೋವೆಯಲ್ಲಿ ಕುದುರೆ ಕೊಳ್ಳಲು ರಾಯ ಹಣ ಕೊಟ್ಟು ಕಳಿಸಿದವನು ಹಣದ ಸಮೇತ ಆದಿಲ್‌ಶಾಹನ ಆಶ್ರಯಕ್ಕೆ ಓಡಿಹೋದ. ಒಂದು ಇಸವಿಯ ಬೆನ್ನು ಹತ್ತಿದರೆ ಕಡಲ ವ್ಯಾಪಾರ, ಪಂಚಾಂಗ, ಪರಭಾಷೆಯ ಬರಹ ಎಲ್ಲವೂ ತೆರೆದುಕೊಳ್ಳುತ್ತವೆ. ಎಂ.ಎ. ತರಗತಿಯಲ್ಲಿ ಕಲಿಯಬೇಕಾದದ್ದು ಈ ಬೆನ್ನು ಹತ್ತುವ ಕೆಲಸವನ್ನು.

ತಪ್ಪು ಕಲ್ಪನೆ: ರಾಯಚೂರು ಕೋಟೆ ಯಾರೋ ಒಬ್ಬ ರಾಜ ಕಟ್ಟಿಸಿದ್ದು.

ವಾಸ್ತವ: ಒಳಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ 1294ರ ತೆಲುಗು ಶಾಸನ. ಕಾಕತೀಯರ ಕಾಲದಲ್ಲಿ ಗೋರೆ ಗನ್ನಯ್ಯರೆಡ್ಡಿ ಕೋಟೆ ಕಟ್ಟಿಸಿದ್ದನ್ನು ಅದು ಹೇಳುತ್ತದೆ. ಶಾಸನಕ್ಕಿಂತ ನನಗೆ ಹೆಚ್ಚು ಪ್ರಿಯವಾದದ್ದು ಅಲ್ಲೇ ಕೊರೆದ ಚಿತ್ರ. ಆ ಬಂಡೆಯನ್ನು ಬಂಡಿಗೇರಿಸಿ, ಕೋಣಗಳ ಸಾಲು ಹೂಡಿ ಎಳೆದು ತಂದ ದೃಶ್ಯವನ್ನು ಕಲ್ಲಿನಲ್ಲೇ ಗೀರಿ ಇಟ್ಟಿದ್ದಾರೆ. ದುಡಿದವರ ನೆನಪನ್ನು ಹೀಗೆ ಉಳಿಸಿದ ಕೋಟೆಗಳು ಅಪರೂಪ. ಹೊರಗೋಡೆ ನಂತರದ ಸುಲ್ತಾನರ ಕಾಲದ್ದು. ಊರೊಳಗಿನ ಏಕ್ ಮಿನಾರ್ ಮಸೀದಿ 1513ರದು, ಬಹಮನಿ ಸುಲ್ತಾನ ಮಹಮೂದ್ ಶಾಹನ ಹೆಸರಿನಲ್ಲಿ ಕಟ್ಟಿದ್ದು.

ತಪ್ಪು ಕಲ್ಪನೆ: ಅಶೋಕನ ಹೆಸರು ಇರುವುದು ಮಸ್ಕಿ ಶಾಸನದಲ್ಲಿ ಮಾತ್ರ.

ವಾಸ್ತವ: 1915ರಲ್ಲಿ ಮಸ್ಕಿ ಶಾಸನ ಕಂಡದ್ದು ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಣ್ಣಿಗೆ. ಆ ಹೊತ್ತಿಗೆ ‘ದೇವಾನಾಂಪ್ರಿಯ’ ಎಂಬ ಬಿರುದಿನೊಂದಿಗೆ ಅಶೋಕ ಎಂಬ ಹೆಸರು ಇದ್ದ ಶಾಸನ ಅದೊಂದೇ. ಆಮೇಲೆ ಮಧ್ಯಪ್ರದೇಶದ ಗುಜ್ಜರಾ, ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲೂ ಆ ಹೆಸರು ಸಿಕ್ಕಿತು. ಮಸ್ಕಿಯ ಹಿರಿಮೆ ಇದರಿಂದ ಕುಂದುವುದಿಲ್ಲ. ಆದರೆ ಸ್ಪರ್ಧಾ ಪರೀಕ್ಷೆಯ ಗೈಡುಗಳು ಹಳೆಯ ಮಾತನ್ನೇ ಅಚ್ಚು ಹಾಕುತ್ತಿರುವುದು ಬೇಸರದ ಸಂಗತಿ.

ತಪ್ಪು ಕಲ್ಪನೆ: ದೇವದುರ್ಗ, ಮಾನ್ವಿಯಲ್ಲಿ ಏನಿದೆ? ಇತಿಹಾಸವೆಲ್ಲ ಹಂಪಿ, ಬಾದಾಮಿಯಲ್ಲಿ.

ವಾಸ್ತವ: ದೇವದುರ್ಗ ತಾಲ್ಲೂಕಿನ ಗಬ್ಬೂರಿಗೆ ಹೋಗಿ ಒಂದು ದಿನ ಸುತ್ತಾಡಿ. ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳು, ಶಾಸನಗಳು ಊರ ತುಂಬ ಇವೆ. ಮಾನ್ವಿ ಸೀಮೆಯ ಕಲ್ಲೂರಿನಲ್ಲಿ ಪ್ರಾಚೀನ ತಾಮ್ರದ ಕತ್ತಿಗಳು ಸಿಕ್ಕಿವೆ. ದಾಸ ಸಾಹಿತ್ಯದ ಎರಡನೆಯ ದೊಡ್ಡ ಅಲೆ ಎದ್ದದ್ದೂ ಈ ನೆಲದಲ್ಲೇ: ವಿಜಯದಾಸರು ಚೀಕಲಪರವಿಯವರು, ಗೋಪಾಲದಾಸರು ಮೊಸರಕಲ್ಲಿನವರು, ಜಗನ್ನಾಥದಾಸರು ಬ್ಯಾಗವಾಟದವರು.

ತಪ್ಪು ಕಲ್ಪನೆ: ವಿಗ್ರಹ, ಶಾಸನ ಸಿಕ್ಕರೆ ತೊಳೆದು, ಬಣ್ಣ ಬಳಿದು, ಪೂಜೆ ಮಾಡಿದರಾಯಿತು.

ವಾಸ್ತವ: 2024ರ ಫೆಬ್ರುವರಿಯಲ್ಲಿ ದೇವಸೂಗೂರು ಬಳಿ ಕೃಷ್ಣಾ ನದಿಯ ಸೇತುವೆ ಕೆಲಸದ ವೇಳೆ ವಿಷ್ಣುವಿನ ವಿಗ್ರಹವೂ ಶಿವಲಿಂಗವೂ ಸಿಕ್ಕವು. ಅಯೋಧ್ಯೆಯ ಬಾಲರಾಮನ ಹಾಗಿದೆ ಎಂಬ ಸುದ್ದಿ ಒಂದೇ ದಿನದಲ್ಲಿ ದೇಶವೆಲ್ಲ ಹರಡಿತು. ಪ್ರಭಾವಳಿಯಲ್ಲಿ ದಶಾವತಾರ, ಮೇಲಿನ ಕೈಗಳಲ್ಲಿ ಶಂಖ ಚಕ್ರ ಎಂದು ಲಕ್ಷಣ ಗುರುತಿಸಿ ವಿವರಿಸಿದವರು ನಮ್ಮ ವಿಶ್ವವಿದ್ಯಾಲಯದ ಉಪನ್ಯಾಸಕಿಯೇ. ಹತ್ತಿರದಲ್ಲಿ ತಿಳಿದವರೊಬ್ಬರು ಇರುವುದರ ಬೆಲೆ ಅಂಥ ಹೊತ್ತಿನಲ್ಲಿ ಗೊತ್ತಾಗುತ್ತದೆ.

ಶಾಸನದ ಮಾತೂ ಹಾಗೆಯೇ. ಪಡಿಯಚ್ಚು ತೆಗೆಯುವವರು ಮೊದಲು ಬ್ರಶ್ಶಿನಿಂದ ಕಲ್ಲಿನ ಮಣ್ಣು ತೆಗೆಯುತ್ತಾರೆ. ನೆನೆಸಿದ ಕಾಗದ ಹೊದಿಸಿ, ಅದು ಅಕ್ಷರದ ಕುಳಿಗಳಿಗೆ ಇಳಿಯುವ ತನಕ ಬಡಿಯುತ್ತಾರೆ. ಮೇಲೆ ಮಸಿ ಒತ್ತಿದರೆ ಕಪ್ಪಿನ ನಡುವೆ ಬಿಳಿ ಅಕ್ಷರ ಏಳುತ್ತದೆ. ಆಯಿಲ್ ಪೇಂಟು ಕುಳಿ ತುಂಬಿದ ಕಲ್ಲಿನಲ್ಲಿ ಏನೂ ಏಳುವುದಿಲ್ಲ. ಆದ್ದರಿಂದ ಏನಾದರೂ ಸಿಕ್ಕರೆ ಮುಟ್ಟದೆ ಫೋಟೊ ತೆಗೆದು ತಹಶೀಲ್ದಾರರಿಗೆ ತಿಳಿಸಿ. ನಿಧಿ ಸಿಕ್ಕಿದ್ದನ್ನು ಮುಚ್ಚಿಡುವುದು ಕಾನೂನಿನ ಪ್ರಕಾರವೂ ಅಪರಾಧ.

ತಪ್ಪು ಕಲ್ಪನೆ: ನಮ್ಮ ದಾಖಲೆಗಳೆಲ್ಲ ಕನ್ನಡದಲ್ಲಿ, ಬೆಂಗಳೂರಿನಲ್ಲಿ ಇವೆ.

ವಾಸ್ತವ: 1853ರಿಂದ 1860ರ ತನಕದ ಬ್ರಿಟಿಷ್ ಆಡಳಿತ ಬಿಟ್ಟರೆ 1948ರವರೆಗೆ ನಾವು ನಿಜಾಮರ ಕೈಕೆಳಗೇ ಇದ್ದೆವು. ಕಾಗದಗಳು ಹೆಚ್ಚಾಗಿ ಫಾರ್ಸಿ, ಉರ್ದುವಿನಲ್ಲಿ. ದೊಡ್ಡ ಸಂಗ್ರಹ ಹೈದರಾಬಾದಿನ ತಾರ್ನಾಕದ ಪತ್ರಾಗಾರದಲ್ಲಿದೆ. ಉರ್ದು ಓದಬಲ್ಲ ಇತಿಹಾಸ ವಿದ್ಯಾರ್ಥಿ ಈ ಜಿಲ್ಲೆಗೆ ಎಷ್ಟು ಬೇಕಾದವನು ಎಂದರೆ, ಮುತ್ತಾತನ ಹೊಲದ ಹಳೆಯ ಕಾಗದ ಹಿಡಿದು ಓದುವವರಿಗಾಗಿ ಅಲೆಯುವ ರೈತ ಕೂಡ ಅವನನ್ನು ಹುಡುಕುತ್ತಾನೆ.

ಕಾಗದಕ್ಕೆ ಇಳಿಯದ ದಾಖಲೆಯೂ ಇದೆ. ರಜಾಕಾರರ ಹಾವಳಿಯನ್ನು, ನಿಜಾಮರ ಆಳ್ವಿಕೆ ಮುಗಿದ 1948ರ ಸೆಪ್ಟೆಂಬರ್ 17ನ್ನು ಹತ್ತು ವರ್ಷದ ಮಗುವಾಗಿ ಕಂಡವರಿಗೆ ಈಗ ತೊಂಬತ್ತರ ಹತ್ತಿರ. ಮಾನ್ವಿ, ದೇವದುರ್ಗದ ಯಾವ ಹಳ್ಳಿಯಲ್ಲಿ ಅಂಥ ಅಜ್ಜ, ಅಜ್ಜಿ ಇದ್ದರೂ ನಮ್ಮ ವಿದ್ಯಾರ್ಥಿಗಳು ಈ ವರ್ಷವೇ ಹೋಗಿ, ಫೋನಿನಲ್ಲಿ ರೆಕಾರ್ಡ್ ಹಚ್ಚಿ, ಅವರು ಹೇಳುವಷ್ಟೂ ಕೇಳಿಸಿಕೊಂಡು ಬರಬೇಕು.