ಕಿವಿ ಕೇಳದ ಮಕ್ಕಳ ಶಾಲೆ: ಮುಂಬೈ, ಮೈಸೂರು ನಡುವೆ ಸಿಕ್ಕ ನಮ್ಮ ಗದಗ

ಗದಗ: ಗದಗ ಅಂದ್ರೆ ವೀರೇಶ್ವರ ಪುಣ್ಯಾಶ್ರಮ. ಕಣ್ಣು ಕಾಣದ ಮಕ್ಕಳಿಗೆ ಗವಾಯಿಗಳು ಸಂಗೀತದ ದಾರಿ ತೋರಿಸಿದ್ದು ಮುಂಡರಗಿಯ ಸಣ್ಣ ಹುಡುಗರಿಗೂ ಗೊತ್ತು. ಆದ್ರೆ ಕಿವಿ ಕೇಳದ ಮಕ್ಕಳು ಶಾಲೆ ಕಂಡಿದ್ದು ಹೇಗೆ ಅಂತ ಕೇಳಿದ್ರೆ ಬಹಳ ಮಂದಿ ಸುಮ್ಮನಾಗ್ತಾರೆ.

ದೇಶದ ಮೊದಲ ಕಿವುಡರ ಶಾಲೆ ಶುರುವಾಗಿದ್ದು ಮುಂಬೈನಲ್ಲಿ, 1885ರ ಸುಮಾರಿಗೆ. ಕನ್ನಡ ನಾಡಿನಲ್ಲಿ ಎಂ. ಶ್ರೀನಿವಾಸ ರಾವ್ ಅವರು 1901ರಲ್ಲಿ ಮೈಸೂರಿನಲ್ಲಿ ಅಂಧ ಹಾಗೂ ಕಿವುಡ ಮಕ್ಕಳಿಗೆ ಶಾಲೆ ತೆರೆದರು. ಆಗ ಗದಗ, ಮುಂಡರಗಿ ಮುಂಬೈ ಪ್ರಾಂತ್ಯದಲ್ಲಿದ್ದವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿದ್ದವು. ಅಂದ್ರೆ ನಮ್ಮ ಪ್ರಾಂತ್ಯದ ಶಾಲೆ ಬೇರೆ ಭಾಷೆಯ ಊರಲ್ಲಿ, ನಮ್ಮ ಭಾಷೆಯ ಶಾಲೆ ಬೇರೆ ಅರಸರ ರಾಜ್ಯದಲ್ಲಿ! ಎರಡೂ ಒಂದೇ ಆಡಳಿತಕ್ಕೆ ಬಂದಿದ್ದು 1956ರಲ್ಲಿ.

ಶಾಲೆ ಸೇರಿದವರಿಗೂ ಕಲಿಕೆ ಸುಲಭ ಇರಲಿಲ್ಲ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಕರ ಸಮಾವೇಶ ನಡೆಯಿತು. ಬಂದವರಲ್ಲಿ ಬಹುತೇಕರು ಕಿವಿ ಕೇಳುವವರೇ. ಕೈಸನ್ನೆ ಬೇಡ, ತುಟಿ ನೋಡಿ ಮಾತು ಕಲಿಸಿ ಅಂತ ಅವರು ಠರಾವು ಮಾಡಿದರು. ಮುಂದೆ ದಶಕಗಳ ಕಾಲ ಜಗತ್ತಿನ ಬಹಳಷ್ಟು ಶಾಲೆಗಳು ಇದನ್ನೇ ನಂಬಿದವು. ಕೈ ಆಡಿಸಿದ ಮಕ್ಕಳಿಗೆ ಏಟೂ ಬಿದ್ದವು.

ಇದು ಎಷ್ಟು ಕಷ್ಟ ಅಂತ ಅಂಗಡಿಯವರು ಕನ್ನಡಿ ಮುಂದೆ ನಿಂತು ನೋಡಿ. ದನಿ ಹೊರಡಿಸದೆ ‘ಪಾಲು’ ಅನ್ನಿ, ಆಮೇಲೆ ‘ಮಾಲು’ ಅನ್ನಿ. ತುಟಿ ಎರಡಕ್ಕೂ ಒಂದೇ ಥರ! ಕ, ಗ ಅಕ್ಷರಗಳಂತೂ ಗಂಟಲಲ್ಲೇ ಹುಟ್ಟುತ್ತವೆ, ತುಟಿಯಲ್ಲಿ ಕಾಣೋದೇ ಇಲ್ಲ. ಬೇರೆ ಮಕ್ಕಳು ಲೆಕ್ಕ, ಭೂಗೋಳ ಕಲಿಯುವ ಹೊತ್ತಿಗೆ ಇವರು ಒಂದೊಂದು ಶಬ್ದಕ್ಕೆ ತಿಂಗಳುಗಟ್ಟಲೆ ಒದ್ದಾಡಬೇಕಿತ್ತು. ಆ ಮಿಲಾನ್ ಠರಾವು ತಪ್ಪು ಅಂತ ಅಂತರರಾಷ್ಟ್ರೀಯ ಸಮಾವೇಶ ಒಪ್ಪಿದ್ದು 2010ರಲ್ಲಿ, 130 ವರ್ಷದ ಮೇಲೆ.

ನಮ್ಮ ಕಡೆ ಇವರನ್ನು ಈಗಲೂ ‘ಮೂಗ’ ಅಂತಲೇ ಕರೀತಾರೆ. ಹೆಚ್ಚಿನವರ ಗಂಟಲು, ನಾಲಿಗೆ ಸರಿಯಾಗೇ ಇರುತ್ತೆ. ಮಾತು ಕಿವಿಗೆ ಬೀಳಲಿಲ್ಲ, ಅದಕ್ಕೇ ಬಾಯಿಗೆ ಬರಲಿಲ್ಲ ಅಷ್ಟೇ.

ಈಗ ದಾರಿಗಳಿವೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಬೆಳಗಾವಿ, ಬಳ್ಳಾರಿಯಲ್ಲಿ ಕಿವುಡ ಮಕ್ಕಳ ಸರ್ಕಾರಿ ಶಾಲೆಗಳಿವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಶೇ. 40 ಅಥವಾ ಹೆಚ್ಚು ಅಂಗವೈಕಲ್ಯ ಇರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಸಿಗಬೇಕು. ಆದ್ರೆ ಆರು ವರ್ಷದ ತನಕ ಕಾಯಬಾರದು. ಭಾಷೆ, ಅದು ಮಾತಾಗಲಿ ಸನ್ನೆಯಾಗಲಿ, ಮಿದುಳಿನಲ್ಲಿ ಕೂರೋದು ಮೊದಲ ಕೆಲವೇ ವರ್ಷಗಳಲ್ಲಿ. ‘ಅವರಪ್ಪಂಗೂ ತಡವಾಗೇ ಮಾತು ಬಂತು’ ಅನ್ನೋ ಸಮಾಧಾನದಲ್ಲಿ ಆ ವರ್ಷಗಳು ಹೋಗಿಬಿಡ್ತಾವೆ. ಹಿಂದಿನಿಂದ ಚಪ್ಪಾಳೆ ತಟ್ಟಿದರೂ ಕೂಸು ತಿರುಗದಿದ್ದರೆ ಕೂಡಲೇ ತಾಲೂಕು ಆಸ್ಪತ್ರೆಗೆ ಕರ್ಕೊಂಡು ಹೋಗಿ. ಅಂಗನವಾಡಿಗೆ ಬರುವ ಆರೋಗ್ಯ ತಪಾಸಣಾ ತಂಡದವರಿಗೂ ಹೇಳಬಹುದು.